ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಮತ್ತು ತರುಣರ ಕಂಪ್ಯೂಟರ್ ಕಲಿಕೆಗೆ ಸಂಬಂಧಿಸಿದವು. ಪತ್ರಗಳನ್ನು ತುಸು ಮೊಟಕುಗೊಳಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ. ಉತ್ತರಿಸುತ್ತಿರುವ ನಾನು ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಂಪ್ಯೂಟರ್ ವಿಜ್ಞಾನದ ಪಾಠ ಮಾಡಿದವನು. ನನ್ನ ಮಾತಿನಲ್ಲಿ ತರಗತಿಯ ಕೋಣೆಯ ಪಕ್ಷಪಾತ ಕಂಡರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ನಮ್ಮಲ್ಲಿ ಹತ್ತು ಕಂಪ್ಯೂಟರ್‌ಗಳಿವೆ, ಏಳು ಚಾಲೂ ಆಗುತ್ತವೆ. ಯುಪಿಎಸ್ ಬ್ಯಾಟರಿ ಕೆಟ್ಟು ಎರಡು ವರ್ಷವಾಯಿತು. ಒಂಬತ್ತನೆಯ ತರಗತಿಯಲ್ಲಿ 54 ಮಕ್ಕಳಿದ್ದಾರೆ, ವಾರಕ್ಕೆ ಒಂದು ಪೀರಿಯಡ್ ಸಿಗುತ್ತದೆ. ಕಂಪ್ಯೂಟರ್ ಶಿಕ್ಷಕರೆಂದು ಬೇರೆ ಯಾರೂ ಇಲ್ಲ. ಏನಾದರೂ ಕೆಟ್ಟರೆ ಹೊಣೆ ನಮ್ಮ ಮೇಲೆ ಬರುತ್ತದೆಂದು ಕೋಣೆಗೆ ಬೀಗ ಹಾಕಿಡುತ್ತೇವೆ. ಇಂಥ ಕಡೆ ನಾನು ಏನನ್ನು ಕಲಿಸಬಲ್ಲೆ?

ಉತ್ತರ: ನೀವು ಗಣಿತದವರಾದ್ದರಿಂದ ಲೆಕ್ಕದಿಂದಲೇ ಆರಂಭಿಸೋಣ. ನಿಮ್ಮ ಪೀರಿಯಡ್ 40 ನಿಮಿಷದ್ದು ಎಂದುಕೊಂಡರೆ, ಮಕ್ಕಳು ಸಾಲಾಗಿ ಬಂದು, ಬಾಗಿಲ ಬಳಿ ಚಪ್ಪಲಿ ಬಿಟ್ಟು, ಜಾಗ ಹಿಡಿದು, ಯಂತ್ರಗಳು ಚಾಲೂ ಆಗುವ ಹೊತ್ತಿಗೆ ಹತ್ತು ನಿಮಿಷ ಕಳೆದಿರುತ್ತದೆ. ಉಳಿದ 30 ನಿಮಿಷವನ್ನು ಒಂದು ಯಂತ್ರದ ಮುಂದೆ ಕೂತ ಎಂಟು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬರಿಗೆ ನಾಲ್ಕು ನಿಮಿಷವೂ ಬರುವುದಿಲ್ಲ. ವರ್ಷದಲ್ಲಿ ಮೂವತ್ತು ವಾರ ತಪ್ಪದೆ ಪಾಠ ನಡೆದರೂ ಒಂದು ಮಗುವಿನ ಬೆರಳು ಕೀಲಿಮಣೆಯ ಮೇಲಿರುವುದು ಎರಡು ಗಂಟೆಗಿಂತ ಕಡಿಮೆ. ವರ್ಷಕ್ಕೆ ಎರಡು ಗಂಟೆ ಮುಟ್ಟಿ ಹಾರ್ಮೋನಿಯಂ ಕಲಿತವರನ್ನು ನಾನಂತೂ ಕಂಡಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ ಶಾಲೆಗಳ ಅಂಕಿಅಂಶ ಕಲೆಹಾಕುವ ಯುಡೈಸ್ ಪ್ಲಸ್‌ನ 2023-24ರ ವರದಿಯ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಇರುವವು ಶೇ 57.2. ನಿಮ್ಮ ಶಾಲೆ ಈ 57ರ ಒಳಗೇ ಸೇರಿರುತ್ತದೆ, ಬೀಗ ಹಾಕಿದ್ದರೂ. ನಮ್ಮ ಅಂಕಿಅಂಶಗಳು ಯಂತ್ರಗಳನ್ನು ಎಣಿಸುತ್ತವೆಯೇ ಹೊರತು ಮಗುವಿನ ಪಾಲಿಗೆ ಬಂದ ನಿಮಿಷಗಳನ್ನು ಎಣಿಸುವುದಿಲ್ಲ.

ಈ ರೂಢಿ ಇಂದಿನದಲ್ಲ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಶಾಲೆಗಳಿಗೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಬಂತು, 2004ರಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ (ಐಸಿಟಿ ಎಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಬಂತು. ಅನೇಕ ಕಡೆ ಯಂತ್ರ, ಅದರ ದುರಸ್ತಿ, ಕಲಿಸುವ ಬೋಧಕ ಮೂರನ್ನೂ ಹೊರಗಿನ ಕಂಪನಿಗಳಿಗೆ ಕೆಲವು ವರ್ಷದ ಗುತ್ತಿಗೆಗೆ ಕೊಡಲಾಯಿತು. ಗುತ್ತಿಗೆ ಮುಗಿದ ದಿನ ಬೋಧಕ ಹೊರಟುಹೋದ. ಯಂತ್ರ ಉಳಿಯಿತು, ಅದನ್ನು ಮುಟ್ಟುವ ಧೈರ್ಯ ಶಾಲೆಯಲ್ಲಿ ಯಾರಿಗೂ ಉಳಿಯಲಿಲ್ಲ. ನಿಮ್ಮ ಕೋಣೆಯ ಬೀಗಕ್ಕೆ ಮೂಲ ಕಾರಣ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲಿ ಶುರುವಾಗಿ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಗಿ ಬೆಳೆದ ಅಲ್ಲಿನ ‘ಐಟಿ ಅಟ್ ಸ್ಕೂಲ್’ ಯೋಜನೆಯು ಹೊರಗಿನವರನ್ನು ನೆಚ್ಚದೆ ಶಾಲೆಯಲ್ಲಿ ಆಗಲೇ ಇದ್ದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರಿಗೇ ತರಬೇತಿ ಕೊಟ್ಟಿತು; ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶವನ್ನೇ ಬಳಸಿತು; ಎಸ್ಸೆಸ್ಸೆಲ್ಸಿಯಲ್ಲಿ ಐಟಿಯ ಪ್ರಾಯೋಗಿಕ ಪರೀಕ್ಷೆಯನ್ನೂ ಇಟ್ಟಿತು. ಪರೀಕ್ಷೆ ಇದ್ದ ಮೇಲೆ ಕೋಣೆಗೆ ಬೀಗ ಹಾಕುವುದು ಸುಲಭವಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕೇರಳ ಸರ್ಕಾರ ಐಸಿಟಿ ಪಠ್ಯಪುಸ್ತಕಗಳನ್ನು ಕನ್ನಡದಲ್ಲೇ ಹೊರತಂದಿದೆ. ಗಡಿಯಾಚೆ ಕನ್ನಡದಲ್ಲಿ ಕಂಪ್ಯೂಟರ್ ಪಾಠ ನಡೆಯುತ್ತಿರುವುದು ನಮ್ಮಲ್ಲಿ ಹಲವರಿಗೆ ಗೊತ್ತೇ ಇಲ್ಲ. ಅಂತರ್ಜಾಲದಲ್ಲಿ ಹುಡುಕಿ ಒಮ್ಮೆ ತಿರುವಿ ನೋಡಿ, ನಿಮ್ಮ ಕೆಲಸ ಅರ್ಧ ಹಗುರವಾಗುತ್ತದೆ.

ಇನ್ನು ನೀವು ಮಾಡಬಹುದಾದದ್ದು. ಮೊದಲು ಹೊಣೆಯ ಭಯವನ್ನು ಕಾಗದದ ಮೇಲೆ ತೀರಿಸಿಕೊಳ್ಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು, ‘ಮಕ್ಕಳ ಬಳಕೆಯಿಂದ ಸಹಜವಾಗಿ ಆಗುವ ಸವಕಳಿಗೆ ಯಾವ ಶಿಕ್ಷಕರೂ ವೈಯಕ್ತಿಕವಾಗಿ ಹೊಣೆಯಲ್ಲ’ ಎಂದು ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ದಾಸ್ತಾನು ಪುಸ್ತಕದಲ್ಲಿ ಇಂದಿನ ಸ್ಥಿತಿಯನ್ನು ಇದ್ದಂತೆಯೇ ನಮೂದಿಸಿ. ಮಲೆನಾಡಿನ ಥಂಡಿಯಲ್ಲಿ ಮುಚ್ಚಿಟ್ಟ ಯಂತ್ರ ಬಳಸಿದ ಯಂತ್ರಕ್ಕಿಂತ ಬೇಗ ಕೆಡುತ್ತದೆ ಎಂಬುದನ್ನೂ ಸಭೆಗೆ ಹೇಳಿ. ಚಾಲೂ ಆಗದ ಮೂರು ಯಂತ್ರಗಳ ವಿಷಯದಲ್ಲಿ ತಂತ್ರಜ್ಞರನ್ನು ಕರೆಸುವ ಮೊದಲು ಒಂದು ಪ್ರಯತ್ನ ಮಾಡಬಹುದು: ವಿದ್ಯುತ್ ತಂತಿಯನ್ನು ಪೂರ್ತಿ ತೆಗೆದು, ಪಕ್ಕದ ಹಲಗೆ ಬಿಚ್ಚಿ, ರ‍್ಯಾಮ್ (ಯಂತ್ರದ ತಾತ್ಕಾಲಿಕ ನೆನಪಿನ) ಪಟ್ಟಿಯನ್ನು ಹೊರತೆಗೆದು, ಅದರ ಅಂಚಿನ ಬಂಗಾರದ ಬಣ್ಣದ ಗೆರೆಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಸತ್ತಿತೆಂದು ಬಿಟ್ಟಿದ್ದ ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ಕೂತದ್ದನ್ನು ನಾನು ಕಂಡಿದ್ದೇನೆ. ಚಾಲೂ ಆದರೂ ತಾರೀಖು ಪ್ರತಿದಿನ ಹಳೆಯ ವರ್ಷಕ್ಕೆ ಓಡಿಹೋಗುತ್ತಿದ್ದರೆ ಒಳಗಿನ ನಾಣ್ಯದಾಕಾರದ ಸೆಲ್ ಮುಗಿದಿದೆ ಎಂದರ್ಥ. ಗಡಿಯಾರದ ಅಂಗಡಿಯಲ್ಲೇ ಅದು ಸಿಗುತ್ತದೆ. ಇದನ್ನೆಲ್ಲ ಮಕ್ಕಳ ಎದುರಿಗೇ ಮಾಡಿ. ಅವರಿಗೆ ಅದೇ ಮೊದಲ ಪಾಠವಾಗಲಿ.

ಬಳಿಕ ತರಗತಿಯನ್ನು ಎರಡು ತಂಡ ಮಾಡಿ, ಒಂದು ವಾರ ಒಂದು ತಂಡ ಯಂತ್ರದ ಬಳಿ, ಇನ್ನೊಂದು ತಂಡ ಕಾಗದದ ಮೇಲೆ. ಯಂತ್ರವೊಂದಕ್ಕೆ ನಾಲ್ವರು ಬಂದರೆ ಒಬ್ಬರು ಕೀಲಿಮಣೆ ಹಿಡಿಯಲಿ, ಒಬ್ಬರು ಏನು ಒತ್ತಬೇಕೆಂದು ಹೇಳಲಿ, ಉಳಿದಿಬ್ಬರು ‘ಈಗ ಪರದೆಯ ಮೇಲೆ ಏನು ಬರುತ್ತದೆ’ ಎಂದು ಮೊದಲೇ ಪಟ್ಟಿಯಲ್ಲಿ ಬರೆದು ಆಮೇಲೆ ತಾಳೆ ನೋಡಲಿ. ಏಳು ನಿಮಿಷಕ್ಕೊಮ್ಮೆ ಜಾಗ ಬದಲಾಗಬೇಕು, ಅದಕ್ಕೆ ಗಂಟೆ ಹೊಡೆಯಿರಿ. ಇದರಲ್ಲಿ ಸಡಿಲ ಬಿಟ್ಟರೆ ಮೌಸ್ ಹಿಡಿದ ಹುಡುಗ ಅದನ್ನು ವರ್ಷವಿಡೀ ಬಿಡುವುದಿಲ್ಲ, ಹುಡುಗಿಯರು ಹಿಂದೆ ನಿಂತು ನೋಡುವುದರಲ್ಲೇ ಮುಗಿಯುತ್ತದೆ. ಯುಪಿಎಸ್ ಇಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ ಸೇವ್ ಮಾಡುವ ಅಭ್ಯಾಸ ತಾನಾಗಿ ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಿದ್ದು ನಾನಲ್ಲ, ಮಧ್ಯಾಹ್ನದ ಲೋಡ್ ಶೆಡ್ಡಿಂಗ್.

ಪ್ರಶ್ನೆ: ಸರ್, ನಾವು ಹಾವೇರಿ ಜಿಲ್ಲೆಯ ರೈತರು. ನನಗೆ ಬರೆಯಲು ಅಷ್ಟಾಗಿ ಬರುವುದಿಲ್ಲ, ನಾನು ಹೇಳಿದ್ದನ್ನು ಮಗಳೇ ಬರೆಯುತ್ತಿದ್ದಾಳೆ. ಅವಳು ಹತ್ತನೆಯ ತರಗತಿ, ಒಂದರಿಂದಲೂ ಕನ್ನಡ ಮಾಧ್ಯಮ. ಲೆಕ್ಕದಲ್ಲಿ ಚುರುಕು. ಕಂಪ್ಯೂಟರ್ ಸೈನ್ಸ್ ಓದುತ್ತೇನೆ ಎನ್ನುತ್ತಾಳೆ. ನೆಂಟರೆಲ್ಲ ‘ಅದು ಪೂರಾ ಇಂಗ್ಲಿಷ್, ನಿಮ್ಮ ಹುಡುಗಿಗೆ ಆಗಿಬರುವುದಿಲ್ಲ’ ಎನ್ನುತ್ತಾರೆ. ಏನು ಮಾಡೋಣ?

ಉತ್ತರ: ತಾಯಿ, ಓದಿಸಿ. ನೆಂಟರ ಮಾತಿನಲ್ಲಿ ನಿಜ ಇರುವುದು ಮೊದಲ ವರ್ಷದ ಮಟ್ಟಿಗೆ ಮಾತ್ರ. ಆ ವರ್ಷ ಕಷ್ಟದ್ದೇ, ಅದನ್ನು ನಾನು ಮುಚ್ಚಿಡುವುದಿಲ್ಲ.

ಮೊದಲು ದಾರಿಗಳನ್ನು ನೋಡಿ. ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಕಂಪ್ಯೂಟರ್ ವಿಜ್ಞಾನವಿರುವ ಗುಂಪನ್ನು ಪಿಸಿಎಂಸಿ ಎನ್ನುತ್ತಾರೆ. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಆ ಗುಂಪು ಇಲ್ಲವೆಂದು ಕೈಬಿಡಬೇಕಾಗಿಲ್ಲ. ಮುಂದೆ ಕಂಪ್ಯೂಟರ್ ಎಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿರಲೇಬೇಕೆಂಬ ನಿಯಮವೇ ಇಲ್ಲ. ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ, ಮೂರನೆಯದು ರಸಾಯನಶಾಸ್ತ್ರವೂ ಆಗಬಹುದು, ಜೀವಶಾಸ್ತ್ರವೂ ಆಗಬಹುದು. ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆಯಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ. ಇದು ಗೊತ್ತಿಲ್ಲದೆ, ದೂರದ ಖಾಸಗಿ ಕಾಲೇಜಿನ ಪಿಸಿಎಂಸಿ ಸೀಟಿಗಾಗಿ ಸಾಲ ಮಾಡಿದ ಮನೆಗಳನ್ನು ನಾನು ನೋಡಿದ್ದೇನೆ.

ಎರಡನೆಯ ದಾರಿ ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆ. ನಾನು ಅಲ್ಲಿಯೇ ಇದ್ದವನಾದ್ದರಿಂದ ಹೊಗಳುತ್ತಿದ್ದೇನೆ ಎಂದುಕೊಂಡರೂ ಅಡ್ಡಿಯಿಲ್ಲ: ಕೈಕೆಲಸ ಬೇಗ ಕಲಿಯುವ, ಬೇಗ ಸಂಪಾದಿಸಬೇಕಾದ ಮನೆಯ ಮಕ್ಕಳಿಗೆ ಇದು ಒಳ್ಳೆಯ ದಾರಿ, ಪ್ರಯೋಗಾಲಯದ ಗಂಟೆಗಳೂ ಇಲ್ಲಿ ಹೆಚ್ಚು. ಒಂದು ವರ್ಷದಲ್ಲಿ ಮುಗಿಯುವ ಐಟಿಐ ಕೋರ್ಸ್ ಬೇಕೆಂದರೆ ‘ಕೋಪಾ’ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಇದೆ, ಆದರೆ ಲೆಕ್ಕದಲ್ಲಿ ಚುರುಕಾದ ಹುಡುಗಿಯನ್ನು ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ.

ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವಾಗ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಅದೇ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಸೀಟುಗಳ ಮೀಸಲಾತಿ ಇದೆ. ಇದಕ್ಕಾಗಿ ಕೊಡಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯ ಶಿಕ್ಷಕರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ನಿಮ್ಮ ಮಗಳು ಪ್ರಾಥಮಿಕ ಶಾಲೆ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ಕಡೆ ಓದಿದ್ದರೆ ಎರಡೂ ಕಡೆಯಿಂದ ತರಬೇಕು. ಈ ಬೇಸಿಗೆಯಲ್ಲೇ ಮಾಡಿಸಿ ಇಡಿ. ಸೀಟು ಹಂಚುವ ಹೊತ್ತಿಗೆ ಓಡಾಡಿ ಅಳುವವರೇ ಹೆಚ್ಚು. ಡಿಪ್ಲೊಮಾಕ್ಕಾಗಲಿ ಎಂಜಿನಿಯರಿಂಗ್‌ಗಾಗಲಿ ಸೇರಿದ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಕೊಡುವ ‘ಪ್ರಗತಿ’ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಮನೆಯ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅರ್ಜಿ ಹಾಕಬಹುದು.

ಇನ್ನು ಇಂಗ್ಲಿಷಿನ ಭಯ. ನನ್ನ ತರಗತಿಯಲ್ಲಿ ಚಿತ್ರದುರ್ಗದ ಕಡೆಯ ಒಬ್ಬ ಹುಡುಗನಿದ್ದ. ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಮೊದಲು ಪ್ರೋಗ್ರಾಂ ಓಡಿಸುತ್ತಿದ್ದವನು ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಐದು ತೆಗೆದ. ಉತ್ತರ ಪತ್ರಿಕೆ ಎದುರಿಗಿಟ್ಟುಕೊಂಡು ಕೂತು ಕೇಳಿದಾಗ ತಿಳಿದದ್ದು ಇಷ್ಟು: ಪ್ರಶ್ನೆಯಲ್ಲಿದ್ದ ‘ರೆಸ್ಪೆಕ್ಟಿವ್ಲಿ’ ಎಂಬ ಪದ ಅವನನ್ನು ಕೆಡವಿತ್ತು. ಎರಡು ಸಂಖ್ಯೆಗಳನ್ನು ಯಾವುದಕ್ಕೆ ಯಾವುದು ಎಂದು ತಿಳಿಯದೆ ಅದಲುಬದಲು ಮಾಡಿ, ಮುಂದಿನ ಲೆಕ್ಕವನ್ನೆಲ್ಲ ಸರಿಯಾಗಿಯೇ ಮಾಡಿದ್ದ. ಆ ದಿನದಿಂದ ನಾನು ‘ವೇರ್ಆ್ಯಸ್’, ‘ಅಸ್ಯೂಮ್’, ‘ಜಸ್ಟಿಫೈ’ ಎಂಬಂಥ ಪ್ರಶ್ನೆಪತ್ರಿಕೆಯ ಪದಗಳನ್ನೇ ಪಟ್ಟಿ ಮಾಡಿ, ಪಕ್ಕದಲ್ಲಿ ಕನ್ನಡ ಬರೆದು, ಸೆಮಿಸ್ಟರಿನ ಮೊದಲ ವಾರವೇ ಗೋಡೆಗೆ ಅಂಟಿಸತೊಡಗಿದೆ. ಪಟ್ಟಿ ಎರಡು ಪುಟ ದಾಟಲಿಲ್ಲ. ಕಷ್ಟವಾಗಿದ್ದದ್ದು ಪ್ರಶ್ನೆಪತ್ರಿಕೆಯ ಇಂಗ್ಲಿಷ್.

ಪ್ರೋಗ್ರಾಂ ಬರೆಯುವ ಭಾಷೆಯ ಇಂಗ್ಲಿಷ್ ಇನ್ನೂ ಚಿಕ್ಕದು. ಈಗ ಎಲ್ಲೆಡೆ ಕಲಿಸುವ ಪೈಥಾನ್ ಭಾಷೆಯಲ್ಲಿ ಮೀಸಲು ಪದಗಳೆಂದು ಇರುವುದು ಒಟ್ಟು 35. ‘ಇಫ್’, ‘ಎಲ್ಸ್’, ‘ಫಾರ್’, ‘ವೈಲ್’ ಇಂಥವು. ಉಳಿದ ಹೆಸರುಗಳನ್ನು ನಾವೇ ಇಡುತ್ತೇವೆ, ಅವು ಕನ್ನಡದಲ್ಲೂ ಇರಬಹುದು. ‘ಮೊತ್ತ = ಬೆಲೆ * ತೂಕ’ ಎಂದು ಕನ್ನಡ ಲಿಪಿಯಲ್ಲೇ ಬರೆದರೆ ಪೈಥಾನ್ 3 ತಕರಾರಿಲ್ಲದೆ ಲೆಕ್ಕ ಮಾಡುತ್ತದೆ. ಬಳಸುವವರು ಟೈಪಿಸಿದ ‘೧೨’ ಎಂಬ ಕನ್ನಡ ಅಂಕಿಯನ್ನು ಹನ್ನೆರಡು ಎಂದೇ ಅರ್ಥಮಾಡಿಕೊಳ್ಳುತ್ತದೆ. ಕಚೇರಿಯ ಕೆಲಸದಲ್ಲಿ ಹೀಗೆ ಬರೆಯುವ ರೂಢಿಯಿಲ್ಲ, ಆದರೆ ಕಲಿಯುವ ಮೊದಲ ತಿಂಗಳು ಯಾವುದು ಯಂತ್ರದ ಪದ, ಯಾವುದು ನಮ್ಮ ಪದ ಎಂದು ಬೇರ್ಪಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನರಿಯೆ. ಮಗಳಿಗೆ ಹೇಳಿ: ಹತ್ತನೆಯ ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳಲ್ಲಿ ಗಣಿತದ ಇಂಗ್ಲಿಷ್ ಪಠ್ಯವನ್ನು ತನ್ನ ಕನ್ನಡ ಪಠ್ಯದ ಪಕ್ಕದಲ್ಲಿಟ್ಟುಕೊಂಡು ಪುಟಕ್ಕೆ ಪುಟ ಓದಲಿ. ಲೆಕ್ಕ ಅವಳಿಗೆ ಗೊತ್ತಿದೆ, ಪದ ಮಾತ್ರ ಹೊಸದು.

ಪ್ರಶ್ನೆ: ಹನೂರು ತಾಲ್ಲೂಕಿನ ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನೊಬ್ಬನೇ ಶಿಕ್ಷಕ. ಕಂಪ್ಯೂಟರ್ ಇಲ್ಲ, ಕರೆಂಟು ಬಂದರೆ ಬಂತು. ಆದರೂ ನನ್ನ ಮಕ್ಕಳು ಈ ವಿದ್ಯೆಯಿಂದ ಹಿಂದೆ ಉಳಿಯಬಾರದೆಂಬ ಆಸೆ. ಯಂತ್ರವಿಲ್ಲದೆ ಕಲಿಸಲು ಸಾಧ್ಯವೇ?

ಉತ್ತರ: ಸಾಧ್ಯ, ಮೇಷ್ಟ್ರೇ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದಕ್ಕೆಂದೇ ಒಂದು ಪಾಠಕ್ರಮ ಕಟ್ಟಿದರು. ಅದರ ಹೆಸರು ‘ಸಿಎಸ್ ಅನ್‌ಪ್ಲಗ್ಡ್’. ಅದರ ಅತ್ಯಂತ ಪ್ರಸಿದ್ಧ ಪಾಠದಲ್ಲಿ ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಲಗಡೆಯಿಂದ 1, 2, 4, 8, 16 ಚುಕ್ಕಿಗಳಿರುವ ರಟ್ಟುಗಳನ್ನು ಕೈಗೆ ಕೊಡುತ್ತಾರೆ. ರಟ್ಟು ತೋರಿಸಿದರೆ ಅದು ಒಂದು, ಬೆನ್ನು ತೋರಿಸಿದರೆ ಸೊನ್ನೆ. ‘ಹದಿಮೂರು ಚುಕ್ಕಿ ತೋರಿಸಿ’ ಎಂದರೆ 8, 4, 1 ಹಿಡಿದವರು ರಟ್ಟು ತಿರುಗಿಸುತ್ತಾರೆ. ಕಂಪ್ಯೂಟರಿನ ಒಳಗೆ ಹದಿಮೂರು ಇರುವುದು 01101 ಎಂದೇ.

ನಿಮ್ಮ ಸೀಮೆಯಲ್ಲಿ ರಟ್ಟೂ ಬೇಡ. ಊರಿನ ಯಾವುದಾದರೂ ಹಳೆಯ ಮನೆಯ ಅಟ್ಟದಲ್ಲಿ ಧಾನ್ಯ ಅಳೆಯುವ ಪಾತ್ರೆಗಳು ಇದ್ದೇ ಇರುತ್ತವೆ: ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಒಂದರಲ್ಲಿ ಅರ್ಧ ಇನ್ನೊಂದು. ಸೇರಿಗೆ ಹದಿನಾರು ಚಟಾಕು, ಅಚ್ಚೇರಿಗೆ ಎಂಟು, ಪಾವಿಗೆ ನಾಲ್ಕು, ಅರೆಪಾವಿಗೆ ಎರಡು. ನ್ಯೂಜಿಲೆಂಡಿನವರ ಐದು ರಟ್ಟುಗಳು ನಮ್ಮ ಅಜ್ಜಿಯರ ರಾಗಿ ಅಳೆಯುವ ಮೂಲೆಯಲ್ಲಿ ಸಾಲಾಗಿ ಕೂತಿದ್ದವು. ‘ಹತ್ತೊಂಬತ್ತು ಚಟಾಕು ರಾಗಿ ಅಳೆಯಬೇಕು, ಪ್ರತಿ ಪಾತ್ರೆಯನ್ನು ಒಮ್ಮೆ ಮಾತ್ರ ಬಳಸಬಹುದು’ ಎಂದು ಮಕ್ಕಳಿಗೆ ಕೊಡಿ. ಸ್ವಲ್ಪ ಹೊತ್ತು ಗಲಾಟೆ ಮಾಡಿ, ಒಂದು ಸೇರು, ಒಂದು ಅರೆಪಾವು, ಒಂದು ಚಟಾಕು ಎಂದು ತಾವೇ ಕಂಡುಕೊಳ್ಳುತ್ತಾರೆ. ಬಳಸಿದ ಪಾತ್ರೆಗೆ 1, ಬಳಸದ್ದಕ್ಕೆ 0 ಎಂದು ಕರಿಹಲಗೆಯ ಮೇಲೆ ಬರೆಸಿದರೆ 10011 ಬರುತ್ತದೆ. ಐದು ಪಾತ್ರೆಯಲ್ಲಿ 31 ಚಟಾಕಿನವರೆಗೆ ಯಾವ ಅಳತೆಯನ್ನಾದರೂ ಒಂದೇ ಒಂದು ರೀತಿಯಲ್ಲಿ ಅಳೆಯಬಹುದು ಎಂಬುದನ್ನು ಮಗು ತಾನಾಗಿ ಕಂಡ ದಿನ, 0 ಮತ್ತು 1 ಎರಡೇ ಅಂಕಿಗಳ ದ್ವಿಮಾನ ಪದ್ಧತಿಯ ಬಗ್ಗೆ ನನ್ನ ಡಿಪ್ಲೊಮಾ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗಿಂತ ಹೆಚ್ಚು ತಿಳಿದಂತಾಯಿತು. (ಹಳೆಯ ಅಳತೆಗಳು ಊರಿಂದೂರಿಗೆ ತುಸು ಬೇರೆ. ನಿಮ್ಮೂರಿನ ಪಾತ್ರೆಗಳು ಅರ್ಧಕ್ಕೆ ಅರ್ಧ ಹೊಂದುತ್ತವೆಯೇ ಎಂದು ಮೊದಲು ಅಳೆದು ನೋಡಿ, ಇಲ್ಲವಾದರೆ ರಟ್ಟೇ ಮೇಲು.)

ಇನ್ನೊಂದು ಆಟ ಅಂಗಳದ್ದು. ಸೀಮೆಸುಣ್ಣದಿಂದ ನೆಲದ ಮೇಲೆ ಆರು ದಾರಿಗಳನ್ನು ಎಳೆದು, ಎರಡೆರಡು ದಾರಿ ಕೂಡುವ ಕಡೆ ವೃತ್ತ ಬರೆಯಬೇಕು. ಆರು ಮಕ್ಕಳು ಒಂದೊಂದು ಸಂಖ್ಯೆ ಹಿಡಿದು ಹೊರಡುತ್ತಾರೆ. ವೃತ್ತದಲ್ಲಿ ಇಬ್ಬರು ಎದುರಾದಾಗ ಚಿಕ್ಕ ಸಂಖ್ಯೆಯವರು ಎಡಕ್ಕೆ, ದೊಡ್ಡ ಸಂಖ್ಯೆಯವರು ಬಲಕ್ಕೆ. ದಾರಿಗಳನ್ನು ಸರಿಯಾಗಿ ಎಳೆದಿದ್ದರೆ ಮಕ್ಕಳು ಹೇಗೇ ಹೊರಟರೂ ಕೊನೆಯ ಗೆರೆಯಲ್ಲಿ ಏರಿಕೆಯ ಕ್ರಮದಲ್ಲಿ ನಿಂತಿರುತ್ತಾರೆ. ಇಲ್ಲಿ ನಿಜವಾದ ಪಾಠ ಆಟ ಮುಗಿದ ಮೇಲೆ ಬರುತ್ತದೆ: ಒಂದು ಗೆರೆ ಅಳಿಸಿ, ಮತ್ತೆ ನಡೆಸಿ, ಎಲ್ಲಿ ತಪ್ಪಿತೆಂದು ಮಕ್ಕಳೇ ಹಿಂದೆ ನಡೆದು ಹುಡುಕಲಿ. ಪ್ರೋಗ್ರಾಂ ಬರೆಯುವವರ ದಿನದ ಬಹುಪಾಲು ಕಳೆಯುವುದು ಇದೇ ಕೆಲಸದಲ್ಲಿ. ಚುಕ್ಕಿ ರಂಗೋಲಿಯನ್ನೂ ಹೀಗೆ ಬಳಸಿಕೊಳ್ಳಬಹುದು. ಒಬ್ಬಳು ಬೆನ್ನು ಹಾಕಿ ಕೂತು ‘ಮೂರು ಚುಕ್ಕಿ ಮೇಲೆ, ಎಡಕ್ಕೆ ತಿರುಗು’ ಎಂದು ಹೇಳುತ್ತ ಹೋಗಲಿ, ಇನ್ನೊಬ್ಬಳು ಹೇಳಿದಷ್ಟನ್ನೇ ಎಳೆಯಲಿ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇಂಥ ಆಟಗಳು ಯಂತ್ರಕ್ಕೆ ಪರ್ಯಾಯವಲ್ಲ. ‘ರಾಗಿಯಲ್ಲೇ ಕಲಿಯಬಹುದಂತೆ, ಮತ್ತೆ ಕಂಪ್ಯೂಟರ್ ಏಕೆ’ ಎಂದು ಮೇಲಿನವರು ಕಡತ ಮುಚ್ಚಲು ನನ್ನ ಉತ್ತರ ನೆಪವಾಗಬಾರದು. ನಿಮ್ಮ ಬೇಡಿಕೆಯ ಪತ್ರವನ್ನು ವರ್ಷ ವರ್ಷವೂ ಕಳಿಸುತ್ತಲೇ ಇರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಎಂಟು ವರ್ಷದ ಮಗನಿಗೆ ಶಾಲೆಯವರು ‘ಕೋಡಿಂಗ್’ ತರಗತಿಗೆ ಪ್ರತ್ಯೇಕ ಶುಲ್ಕ ಕೇಳುತ್ತಿದ್ದಾರೆ. ಕಟ್ಟದಿದ್ದರೆ ಮಗ ಹಿಂದೆ ಬೀಳುತ್ತಾನೆಯೇ?

ಉತ್ತರ: ಬೀಳುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಕೋಡಿಂಗ್ ಚಟುವಟಿಕೆಗಳನ್ನು ಮಾಧ್ಯಮಿಕ ಹಂತದಲ್ಲಿ, ಅಂದರೆ ಆರನೆಯ ತರಗತಿಯಿಂದ ಆರಂಭಿಸಬೇಕೆನ್ನುತ್ತದೆ. ಅಮೆರಿಕದ ಎಂಐಟಿಯವರು 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಎಂಟರಿಂದ ಹದಿನಾರು ವರ್ಷದವರಿಗಾಗಿಯೇ ಮಾಡಿದ್ದು, ಬಿಡಿಗಾಸು ಕೊಡಬೇಕಾಗಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಭಾನುವಾರ ಅರ್ಧ ಗಂಟೆ ಅವನ ಪಕ್ಕ ನೀವೇ ಕೂತು, ಬೆಕ್ಕಿನ ಗೊಂಬೆಯನ್ನು ನಡೆಸಿ ನೋಡಿ. ಅವನಿಗೆ ಬೇಸರವಾದರೆ ಆಡಲು ಹೊರಗೆ ಬಿಡಿ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆದುಕೊಡುವಾಗ ಹಳ್ಳಿಯ ಮಕ್ಕಳಿಗೆ ಇದನ್ನೆಲ್ಲ ಕಲಿಸುವುದು ಕಾಲಹರಣವಲ್ಲವೇ? – ಒಬ್ಬ ನಿವೃತ್ತ ಅಧಿಕಾರಿ, ಧಾರವಾಡ

ಉತ್ತರ: ಕ್ಯಾಲ್ಕ್ಯುಲೇಟರ್ ಬಂದ ಮೇಲೂ ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ನಾವು ಎಣಿಸಿಕೊಳ್ಳುತ್ತೇವೆ. ಯಂತ್ರ ಬರೆದುಕೊಟ್ಟ ಪ್ರೋಗ್ರಾಂ ನೋಡಲು ಚೆನ್ನಾಗಿದ್ದೂ ತಪ್ಪಾಗಿರಬಹುದು. ಆ ತಪ್ಪನ್ನು ಹಿಡಿಯಬಲ್ಲವರು ಪಟ್ಟಣದ ಕೆಲವು ಶಾಲೆಗಳಿಂದ ಮಾತ್ರ ಬರಬೇಕೆಂದು ತಾವು ಬಯಸುವುದಿಲ್ಲ ಎಂದುಕೊಳ್ಳುತ್ತೇನೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೇನೆ. ಪಿಯುಸಿಯಲ್ಲಿ ಕಲಾ ವಿಭಾಗ. ಈಗ ಪ್ರೋಗ್ರಾಮಿಂಗ್ ಕಲಿಯಬೇಕೆನಿಸಿದೆ. ನನಗೆ ಬಾಗಿಲು ಮುಚ್ಚಿಹೋಯಿತೇ?

ಉತ್ತರ: ಎಂಜಿನಿಯರಿಂಗ್ ಕಾಲೇಜಿನ ಬಾಗಿಲು ಮುಚ್ಚಿದೆ, ವಿದ್ಯೆಯದು ಮುಚ್ಚಿಲ್ಲ. ಐಐಟಿ ಬಾಂಬೆಯವರ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಉಚಿತ ಪಾಠಗಳಲ್ಲಿ ಅನೇಕವಕ್ಕೆ ಕನ್ನಡ ಧ್ವನಿ ಇದೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಪರದೆಯ ಮೇಲೆ ತೋರಿಸಿದ್ದನ್ನು ನಿಲ್ಲಿಸಿ ನಿಲ್ಲಿಸಿ ನೀವೂ ಪಕ್ಕದಲ್ಲಿ ಮಾಡುತ್ತಾ ಹೋಗಬೇಕು. ಸುಮ್ಮನೆ ನೋಡಿದರೆ ಸಿನಿಮಾ ನೋಡಿದಂತೆ, ಏನೂ ಉಳಿಯುವುದಿಲ್ಲ. ಲಿನಕ್ಸ್, ಲಿಬ್ರೆ ಆಫೀಸ್‌ಗಳಿಂದ ಹಿಡಿದು ಸಿ ಮತ್ತು ಪೈಥಾನ್‌ವರೆಗೆ ಅಲ್ಲಿವೆ.

ಪದವಿಯೇ ಬೇಕೆಂದರೆ ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿಗೆ ಐಐಟಿಗಳ ಪ್ರವೇಶ ಪರೀಕ್ಷೆ ಜೆಇಇ ಬೇಕಾಗಿಲ್ಲ, ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ, ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ಮೊದಲು ನಾಲ್ಕು ವಾರ ಪಾಠ ಕೇಳಿ, ಅದೇ ಪಾಠದ ಮೇಲೆ ಅರ್ಹತಾ ಪರೀಕ್ಷೆ ಬರೆಯಬೇಕು. ಬಿ.ಎ. ಜೊತೆಗೇ ಮಾಡಬಹುದು, ನಡುವೆ ನಿಲ್ಲಿಸಿದರೆ ಆ ಹಂತದ ಪ್ರಮಾಣಪತ್ರ ಸಿಗುತ್ತದೆ, ಕಡಿಮೆ ಆದಾಯದವರಿಗೆ ಶುಲ್ಕ ವಿನಾಯಿತಿ ಇದೆ. ಪಾಠ ಇಂಗ್ಲಿಷಿನಲ್ಲಿ, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯಬೇಕಾದದ್ದು, ಗಣಿತ ಮೊದಲ ವರ್ಷದಲ್ಲೇ ಬಿರುಸಾಗಿರುತ್ತದೆ. ಹತ್ತನೆಯ ಗಣಿತ ಮರೆತಿದ್ದರೆ ಅರ್ಜಿ ಹಾಕುವ ಮೊದಲು ಮೂರು ತಿಂಗಳು ಅದನ್ನೇ ಮಾಡಿ.

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ, ಹುಟ್ಟಿನಿಂದ ದೃಷ್ಟಿಯಿಲ್ಲ. ಕಂಪ್ಯೂಟರ್ ಪಾಠದ ಹೊತ್ತಿನಲ್ಲಿ ಅವನನ್ನು ಹೊರಗೆ ಕೂರಿಸುತ್ತಾರೆ. ಅವನು ಕಲಿಯಲು ಸಾಧ್ಯವಿದೆಯೇ? – ತುಮಕೂರು ಜಿಲ್ಲೆಯ ಒಬ್ಬ ತಂದೆ

ಉತ್ತರ: ಹೊರಗೆ ಕೂರಿಸುವುದು ತಪ್ಪು. ಈ ಉತ್ತರವನ್ನು ಅವನ ಶಿಕ್ಷಕರಿಗೆ ತೋರಿಸಿ. ‘ಎನ್‌ವಿಡಿಎ’ ಎಂಬ ತಂತ್ರಾಂಶ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ದೃಷ್ಟಿಯಿಲ್ಲದ ಆಸ್ಟ್ರೇಲಿಯಾದ ತರುಣ ಮೈಕೇಲ್ ಕರನ್ 2006ರಲ್ಲಿ ಅದನ್ನು ಬರೆಯಲು ಶುರುಮಾಡಿದ್ದು, ಎಲ್ಲರಿಗೂ ಉಚಿತ. ಅದರೊಡನೆ ಬರುವ ಧ್ವನಿಯಲ್ಲಿ ಕನ್ನಡವೂ ಇದೆ. ಉಚ್ಚಾರ ತುಸು ಒರಟು, ನಾಲ್ಕು ದಿನದಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಚಿತ್ರದ ತುಣುಕುಗಳನ್ನು ಎಳೆದು ಜೋಡಿಸುವ ಸ್ಕ್ರ್ಯಾಚ್‌ನಂಥವು ಅವನಿಗೆ ಒಗ್ಗುವುದಿಲ್ಲ. ಅವನಿಗೆ ನೇರವಾಗಿ ಪೈಥಾನ್ ಕೊಡಿ. ಅದರಲ್ಲಿ ಸಾಲಿನ ಆರಂಭದಲ್ಲಿ ಎಷ್ಟು ಖಾಲಿ ಜಾಗ ಬಿಟ್ಟಿದೆ ಎನ್ನುವುದಕ್ಕೂ ಅರ್ಥವಿದೆ. ಎನ್‌ವಿಡಿಎಯ ಆಯ್ಕೆಗಳಲ್ಲಿ ಸಾಲಿನ ಅಂಚನ್ನು ಮಾತಿನಲ್ಲಾಗಲಿ ಸ್ವರದ ಏರಿಳಿತದಲ್ಲಾಗಲಿ ತಿಳಿಸುವ ಏರ್ಪಾಡಿದೆ, ಅದನ್ನು ಮೊದಲ ದಿನವೇ ಚಾಲೂ ಮಾಡಿಸಿ. ಒಂದು ಹೆಡ್‌ಫೋನ್ ಬೇಕು. ಕೀಲಿಮಣೆಯ ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬು ಗೆರೆಯನ್ನು ಬೆರಳಿಗೆ ತೋರಿಸಿಕೊಟ್ಟರೆ, ಕೀಲಿಮಣೆ ನೋಡದೆ ಟೈಪ್ ಮಾಡುವುದರಲ್ಲಿ ಅವನು ತರಗತಿಯ ಉಳಿದವರನ್ನು ಹಿಂದೆ ಹಾಕುತ್ತಾನೆ.

ಪ್ರಶ್ನೆ: ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಅಪ್ಪನದು, ಸಂಜೆ ಮಾತ್ರ ಸಿಗುತ್ತದೆ. ಫೋನಿನಲ್ಲೇ ಪ್ರೋಗ್ರಾಮಿಂಗ್ ಕಲಿಯಬಹುದೇ? – ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ

ಉತ್ತರ: ಶುರುಮಾಡಬಹುದಮ್ಮ. ಆಂಡ್ರಾಯ್ಡ್ ಫೋನಿನಲ್ಲಿ ಪೈಥಾನ್ ಓಡಿಸುವ ಉಚಿತ ಆ್ಯಪ್‌ಗಳಿವೆ, ಒಮ್ಮೆ ಹಾಕಿಕೊಂಡರೆ ಆಮೇಲೆ ಡೇಟಾ ಖರ್ಚಾಗುವುದಿಲ್ಲ. ಗಾಜಿನ ಮೇಲಿನ ಚಿಕ್ಕ ಅಕ್ಷರಗಳನ್ನು ಒತ್ತಿ ಹತ್ತು ಸಾಲು ಬರೆಯುವಷ್ಟರಲ್ಲಿ ಸಾಕಾಗುತ್ತದೆ. ಆದ್ದರಿಂದ ಅಪ್ಪನಿಗೆ ಹೇಳಿ ಒಂದು ಒಟಿಜಿ ತಂತಿ ತರಿಸು. ಅದರ ಒಂದು ತುದಿ ಫೋನಿಗೆ, ಇನ್ನೊಂದು ತುದಿಗೆ ಸಾಮಾನ್ಯ ಕಂಪ್ಯೂಟರಿನ ಯುಎಸ್‌ಬಿ ಕೀಲಿಮಣೆ. ಬಹುತೇಕ ಫೋನುಗಳಲ್ಲಿ ಇದು ಕೆಲಸ ಮಾಡುತ್ತದೆ. ಹಳೆಯ ಕೀಲಿಮಣೆ ಶಾಲೆಯಲ್ಲೇ ಮೂಲೆಗೆ ಬಿದ್ದಿರಬಹುದು, ಮೇಷ್ಟ್ರನ್ನು ಕೇಳು.

ಹಗಲು ಹೊತ್ತು ಪ್ರೋಗ್ರಾಮನ್ನು ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಏನು ಉತ್ತರ ಬರುತ್ತದೆಂದು ಪಕ್ಕದಲ್ಲಿ ಗುರುತು ಹಾಕಿಕೋ. ಸಂಜೆ ಫೋನು ಸಿಕ್ಕ ಅರ್ಧ ಗಂಟೆ ಟೈಪ್ ಮಾಡಿ ತಾಳೆ ನೋಡುವುದಕ್ಕಷ್ಟೇ ಇರಲಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಅನೇಕ ಕಡೆ ಅಲ್ಲಿ ಕಂಪ್ಯೂಟರ್ ಇದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಕಂಪ್ಯೂಟರ್ ಇದ್ದೂ ಮೇಲೆ ಬಟ್ಟೆ ಹೊದಿಸಿಟ್ಟಿದ್ದರೆ, ಒಬ್ಬಳೇ ಹೋಗಿ ಕೇಳಬೇಡ, ಗೆಳತಿಯರು ನಾಲ್ವರು ಸೇರಿ ಹೋಗಿ ಕೇಳಿ. ಕೊಡದಿದ್ದರೆ ನನಗೆ ಬರೆ.